ಆನ್‌ಲೈನ್‌ನಲ್ಲಿ ಪವರ್ ಟೂಲ್ ತರಿಸುವವರಿಗೆ: ಆರ್ಡರ್ ಒತ್ತುವ ಮೊದಲಿಂದ ಕಾರವಾರದ ಗ್ರಾಹಕರ ಆಯೋಗದ ತನಕ

ಮೂರು ಮಳೆಗಾಲದ ಹಿಂದಿನ ಮಾತು. ಮನೆಯ ಅಟ್ಟದ ಕೆಲಸಕ್ಕೆಂದು ಒಂದು ಮೈಟರ್ ಸಾ ತರಿಸಿದ್ದೆ. ರೀಪು, ಪಟ್ಟಿಗಳನ್ನು ಬೇಕಾದ ಕೋನದಲ್ಲಿ ಕೊಯ್ಯುವ ಯಂತ್ರ ಅದು. ನಮ್ಮ ಮನೆ ಉತ್ತರ ಕನ್ನಡ ಜಿಲ್ಲೆಯ ಶಿರಸಿ ಪೇಟೆಯಿಂದ ಹದಿನೆಂಟು ಕಿಲೋಮೀಟರ್ ಒಳಗಿದೆ. ಕೊರಿಯರ್‌ನವರು ಅಲ್ಲಿಯ ತನಕ ಬರುವುದಿಲ್ಲ, ಕ್ರಾಸಿನ ಅಂಗಡಿಯಲ್ಲಿ ಕೊಟ್ಟು ಹೋಗುತ್ತಾರೆ. ಜೋರು ಮಳೆ ಬೇರೆ. ಪೆಟ್ಟಿಗೆಯ ಒಂದು ಮೂಲೆ ನೆನೆದು ಮೆತ್ತಗಾಗಿತ್ತು. ನಾನು ಎರಡು ದಿನ ಬಿಟ್ಟು ಮನೆಗೆ ತಂದೆ, ಇನ್ನೂ ನಾಲ್ಕು ದಿನ ಬಿಟ್ಟು ಬಿಚ್ಚಿದೆ. ಕೆಳಗಿನ ಅಲ್ಯುಮಿನಿಯಂ ಎರಕ ಸೀಳಿತ್ತು. ವಾಪಸಾತಿಗೆ ಇದ್ದ ಅವಧಿ 7 ದಿನ. ಕೊನೆಯ ದಿನ ಸಂಜೆ ದೂರು ಹಾಕಿದೆ. ಮಾರಿದವರು ಕೇಳಿದ ಮೊದಲ ಪ್ರಶ್ನೆ: "ಪೆಟ್ಟಿಗೆ ಬಿಚ್ಚುವಾಗಿನ ವಿಡಿಯೋ ಇದೆಯಾ?" ಇರಲಿಲ್ಲ.

ಹಣ ಕೊನೆಗೂ ವಾಪಸ್ ಬಂತು. ಆದರೆ ಎರಡೂವರೆ ತಿಂಗಳು ಹಿಡಿಯಿತು. ಹತ್ತಾರು ಫೋನು, ಅದೇ ಫೋಟೋವನ್ನು ಮತ್ತೆ ಮತ್ತೆ ಕಳಿಸುವ ಕೆಲಸ. ಅಷ್ಟರಲ್ಲಿ ಮಳೆ ಮುಗಿದು ಅಡಿಕೆ ಕೊಯ್ಲು ಹತ್ತಿರ ಬಂತು. ಅಟ್ಟದ ಕೆಲಸ ಮುಂದಿನ ವರ್ಷಕ್ಕೆ ಹೋಯಿತು.

ಅದಾದ ಮೇಲೆ ನಾನೂ ಅಕ್ಕಪಕ್ಕದ ಮನೆಯವರೂ ಸುಮಾರು ಯಂತ್ರ ತರಿಸಿದ್ದೇವೆ. ಡ್ರಿಲ್, ಕಬ್ಬಿಣ ಕೊಯ್ಯುವ ಗ್ರೈಂಡರ್, ಕಳೆ ಹೊಡೆಯುವ ಬ್ರಶ್ ಕಟರ್, ಬ್ಯಾಟರಿಯ ಸ್ಕ್ರೂ ಡ್ರೈವರ್. ಈಗ ನಮ್ಮದೇ ಒಂದು ಪದ್ಧತಿ ಇದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಪಾರ್ಸೆಲ್ ಬಾಗಿಲಿಗೆ ಬರುತ್ತದೆ, ಬೇಡವಾದರೆ ಬಾಗಿಲಿಂದಲೇ ಹೋಗುತ್ತದೆ. ನಮ್ಮಲ್ಲಿ ಬರುವುದೇ ಕಷ್ಟ, ವಾಪಸ್ ಹೋಗುವುದು ಇನ್ನೂ ಕಷ್ಟ. ಹಾಗಾಗಿ ನಾವು ಸ್ವಲ್ಪ ಮೊದಲೇ ಎಚ್ಚರ ಆಗಬೇಕು.

ಹಂತ 1: ದರಕ್ಕಿಂತ ಮೊದಲು ರಿಪೇರಿ ಎಲ್ಲಿ ಅಂತ ನೋಡಿ

ಪವರ್ ಟೂಲ್ ಅಂದರೆ ತಿರುಗುವ, ಬಿಸಿಯಾಗುವ, ಸವೆಯುವ ವಸ್ತು. ಇವತ್ತಲ್ಲ ನಾಳೆ ಅದಕ್ಕೆ ಕಾರ್ಬನ್ ಬ್ರಶ್ ಬೇಕು, ಸ್ವಿಚ್ ಬೇಕು, ಬೇರಿಂಗ್ ಬೇಕು. ಆ ಸಾಮಾನು ಎಲ್ಲಿ ಸಿಗುತ್ತದೆ ಎಂದು ಗೊತ್ತಿಲ್ಲದೆ ಐನೂರು ರೂಪಾಯಿ ಕಡಿಮೆ ಇದೆ ಎಂದು ಆರ್ಡರ್ ಮಾಡುವುದು ಒಳ್ಳೆಯದಲ್ಲ.

ಆರ್ಡರ್ ಮಾಡುವ ಮೊದಲು ಮೂರು ಕಡೆ ಕೇಳಿ. ಒಂದು, ಬ್ರಾಂಡಿನ ಗ್ರಾಹಕ ಸೇವೆಗೆ ಫೋನ್ ಮಾಡಿ ನಿಮ್ಮ ಪಿನ್ ಕೋಡ್ ಹೇಳಿ. ಶಿರಸಿಗೆ 581401, ಕಾರವಾರಕ್ಕೆ 581301. "ಈ ಪಿನ್‌ಗೆ ಹತ್ತಿರದ ಅಧಿಕೃತ ಸರ್ವಿಸ್ ಸೆಂಟರ್ ಎಲ್ಲಿ?" ಎಂದು ನೇರವಾಗಿ ಕೇಳಿ. ನಮಗೆ ಹೆಚ್ಚಾಗಿ ಸಿಗುವ ಉತ್ತರ ಹುಬ್ಬಳ್ಳಿ. ಶಿರಸಿಯಿಂದ ಹೆಚ್ಚುಕಡಿಮೆ ನೂರು ಕಿಲೋಮೀಟರ್, ಒಂದು ದಿನದ ಕೆಲಸ. ಕಾರವಾರದವರಿಗೆ ಅರಬೈಲ್ ಘಾಟ್ ಹತ್ತಿ ಯಲ್ಲಾಪುರ ದಾಟಿ ಹೋಗಬೇಕು, ಇನ್ನೂ ದೂರ. ಎರಡು, ಪೇಟೆಯಲ್ಲಿ ಮೋಟಾರ್ ವೈಂಡಿಂಗ್ ಮಾಡುವವರ ಹತ್ತಿರ ಹೋಗಿ "ಈ ಮಾಡೆಲ್ ನಿಮ್ಮ ಹತ್ತಿರ ಬರುತ್ತದಾ, ಬಿಡಿಭಾಗ ಸಿಗುತ್ತದಾ?" ಎಂದು ಕೇಳಿ. ಅವರಷ್ಟು ಸತ್ಯ ಯಾವ ಸ್ಟಾರ್ ರೇಟಿಂಗೂ ಹೇಳುವುದಿಲ್ಲ. ಮೂರು, ನಿಮ್ಮ ಬಡಗಿಗಳ ಕೈಯಲ್ಲಿ ಯಾವ ಯಂತ್ರ ಇದೆ ನೋಡಿ. ಐದು ವರ್ಷದಿಂದ ಓಡುತ್ತಿರುವ ಯಂತ್ರ ಅಲ್ಲೇ ಇರುತ್ತದೆ.

ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಪೆಟ್ರೋಲ್ ಯಂತ್ರ, ಅಂದರೆ ಚೈನ್ ಸಾ ಮತ್ತು ಬ್ರಶ್ ಕಟರ್ ಆದರೆ, ಸಾವಿರ ಎರಡು ಸಾವಿರ ಜಾಸ್ತಿ ಆದರೂ ಶಿರಸಿಯಲ್ಲೋ ಕುಮಟಾದಲ್ಲೋ ಡೀಲರ್ ಹತ್ತಿರವೇ ಕೊಳ್ಳಿ. ಕಾರ್ಬ್ಯುರೇಟರ್ ಹೊಂದಿಸುವುದು, ಮೊದಲ ಸಲ ಸ್ಟಾರ್ಟ್ ಮಾಡಿ ತೋರಿಸುವುದು ಫೋನಿನಲ್ಲಿ ಆಗುವ ಕೆಲಸ ಅಲ್ಲ. ಮಳೆ ಬಿಟ್ಟ ನಾಲ್ಕು ದಿನದಲ್ಲಿ ತೋಟದ ಕಳೆ ಹೊಡೆಯಬೇಕಾದಾಗ ಯಂತ್ರ ಹುಬ್ಬಳ್ಳಿಯಲ್ಲಿ ಕೂತಿದ್ದರೆ ಏನು ಪ್ರಯೋಜನ? ಡ್ರಿಲ್, ನಾಲ್ಕು ಇಂಚಿನ ಗ್ರೈಂಡರ್, ಮರ ಉಜ್ಜುವ ಸ್ಯಾಂಡರ್ ಇಂಥವನ್ನು ಧೈರ್ಯವಾಗಿ ಆನ್‌ಲೈನ್‌ನಲ್ಲಿ ತರಿಸಬಹುದು.

ಹಂತ 2: ಮಾರುವವರು ಯಾರು, ವಾಪಸಾತಿ ಹೇಗೆ

ಜಾಲತಾಣ ಬೇರೆ, ಮಾರುವವರು ಬೇರೆ. ಉತ್ಪನ್ನದ ಪುಟದಲ್ಲಿ ಮಾರಾಟಗಾರರ ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ಒತ್ತಿ ವಿಳಾಸ, ಗ್ರಾಹಕ ಸೇವೆಯ ನಂಬರ್ ನೋಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಈ ವಿವರ ಕೊಡುವುದು ಕಡ್ಡಾಯ. ಯಾವ ದೇಶದ ಸಾಮಾನು ಎಂಬುದನ್ನೂ ತೋರಿಸಬೇಕು. ವಿಳಾಸವೇ ಇಲ್ಲದ ಮಾರಾಟಗಾರರಿಂದ ಕೊಳ್ಳಬೇಡಿ.

ಆಮೇಲೆ ವಾಪಸಾತಿಯ ಸಾಲು. "ಬದಲಿ ಮಾತ್ರ" ಎಂದಿದ್ದರೆ ಸುಲಭಕ್ಕೆ ಹಣ ಬರುವುದಿಲ್ಲ, ಇನ್ನೊಂದು ಯಂತ್ರ ಬರುತ್ತದೆ. "ಬ್ರಾಂಡ್ ಸರ್ವಿಸ್ ಸೆಂಟರ್ ಮೂಲಕ" ಎಂದಿದ್ದರೆ ಬದಲಿಸಿ ಕೊಡುವ ಮೊದಲು ತಂತ್ರಜ್ಞರು ನೋಡಬೇಕು ಎಂದರ್ಥ. ನಮ್ಮ ಹಳ್ಳಿಗೆ ತಂತ್ರಜ್ಞರು ಬರುವುದು ಯಾವಾಗ? ಅಂಥ ಸಾಲು ಕಂಡರೆ ನಾನು ಬೇರೆ ಮಾರಾಟಗಾರರನ್ನು ಹುಡುಕುತ್ತೇನೆ. ಪಿನ್ ಕೋಡ್ ಹಾಕಿದ ಮೇಲೆ ಈ ಸಾಲು ಬದಲಾಗುವುದೂ ಉಂಟು. ಹಾಗಾಗಿ ನಿಮ್ಮ ಪಿನ್ ಹಾಕಿಯೇ ಓದಿ. ಓದಿದ್ದನ್ನು ಸ್ಕ್ರೀನ್‌ಶಾಟ್ ತೆಗೆದು ಇಡಿ. ಪೆಟ್ಟಿಗೆಯಲ್ಲಿ ಏನೇನು ಬರುತ್ತದೆ ಎಂಬ ಪಟ್ಟಿಯದೂ ಒಂದು ಸ್ಕ್ರೀನ್‌ಶಾಟ್ ಇರಲಿ. ಪುಟ ನಾಳೆ ಹಾಗೆಯೇ ಇರುತ್ತದೆ ಎಂದು ಹೇಳಲಾಗದು.

ಡೆಲಿವರಿಯವರೇ ಎದುರಿಗೆ ಬಿಚ್ಚಿ ತೋರಿಸುವ 'ಓಪನ್ ಬಾಕ್ಸ್' ವ್ಯವಸ್ಥೆ ನಿಮ್ಮ ಪಿನ್‌ಗೆ ಇದ್ದರೆ ಅದನ್ನೇ ಆರಿಸಿ. ಕಾರವಾರ, ಶಿರಸಿ ಪೇಟೆಯಲ್ಲಿ ನೆಂಟರ ಮನೆ ಇದ್ದರೆ ಆ ವಿಳಾಸ ಕೊಡುವುದೂ ಒಳ್ಳೆಯ ದಾರಿ. ಪೇಟೆಯ ಪಿನ್‌ಗೆ ವಾಪಸ್ ಪಿಕಪ್ ಸಿಗುತ್ತದೆ, ಹಳ್ಳಿಯ ಪಿನ್‌ಗೆ ಹಲವು ಸಲ ಸಿಗುವುದಿಲ್ಲ.

ವಾರಂಟಿ ವಿಷಯ ಇನ್ನೊಂದು. ಕೆಲವು ಬ್ರಾಂಡ್‌ಗಳು ಮನೆಬಳಕೆಯ ಯಂತ್ರವನ್ನು ದಿನವಿಡೀ ದಂಧೆಗೆ ಬಳಸಿದರೆ ವಾರಂಟಿ ಕೊಡುವುದಿಲ್ಲ. ನೀವು ಬಡಗಿಯೋ ವೆಲ್ಡರೋ ಆಗಿದ್ದರೆ ವೃತ್ತಿಪರ ಸರಣಿಯ ಯಂತ್ರವನ್ನೇ ನೋಡಿ.

ಹಂತ 3: ಮಳೆಗಾಲದ ಲೆಕ್ಕ

ನಮ್ಮ ಜಿಲ್ಲೆಗೆ ಸಾಮಾನು ಬರುವುದು ಘಾಟ್ ದಾಟಿ. ಹುಬ್ಬಳ್ಳಿಯಿಂದ ಕರಾವಳಿಗೆ ಅರಬೈಲ್, ಶಿರಸಿ ಮತ್ತು ಕುಮಟಾ ನಡುವೆ ದೇವಿಮನೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು, ರಸ್ತೆ ದಿನಗಟ್ಟಲೆ ಮುಚ್ಚಿತ್ತು. ಅದೇ ವರ್ಷ ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು. ಅಂಥ ದಿನಗಳಲ್ಲಿ ಪಾರ್ಸೆಲ್ ತಡವಾಯಿತು ಎಂದು ಯಾರನ್ನೂ ದೂರುವಂತಿಲ್ಲ. ಆದರೆ ತಡವಾದ ಪಾರ್ಸೆಲ್ ಎಲ್ಲೋ ಒಂದು ಕಡೆ ಕಾದಿರುತ್ತದೆ. ಎಷ್ಟೋ ಸಲ ತಗಡಿನ ಶೆಡ್ಡಿನಲ್ಲಿ, ಒದ್ದೆ ನೆಲದ ಮೇಲೆ. ರಟ್ಟು ನೆನೆದರೆ ಅದರ ಬಲ ಹೋಗುತ್ತದೆ. ಆಮೇಲೆ ಮೇಲೆ ಇನ್ನೊಂದು ಪೆಟ್ಟಿಗೆ ಹೇರಿದರೆ ಒಳಗಿನ ಥರ್ಮಾಕೋಲ್ ಒಡೆದು ಯಂತ್ರಕ್ಕೆ ಪೆಟ್ಟಾಗುತ್ತದೆ.

ತುರ್ತಿಲ್ಲದ ಭಾರದ ಯಂತ್ರ, ಅಂದರೆ ಹತ್ತು ಕಿಲೋ ಮೇಲಿನದ್ದು, ಜೂನ್‌ನಿಂದ ಸೆಪ್ಟೆಂಬರ್ ತನಕ ತರಿಸಬೇಡಿ. ನಾವು ಈಗ ದೀಪಾವಳಿ ಹೊತ್ತಿಗೆ ತರಿಸುತ್ತೇವೆ. ದರವೂ ಆಗ ಇಳಿದಿರುತ್ತದೆ.

ಹಂತ 4: ಪಾರ್ಸೆಲ್ ಕೈಗೆ ಬರುವ ಗಳಿಗೆ

ಎಲ್ಲ ತೀರ್ಮಾನ ಆಗುವುದು ಇಲ್ಲೇ. ಓಟಿಪಿ ಕೊಟ್ಟರೆ, ಸಹಿ ಹಾಕಿದರೆ "ಸರಿಯಾಗಿ ತಲುಪಿದೆ" ಎಂದು ದಾಖಲಾಗುತ್ತದೆ. ನಮ್ಮ ಕಡೆ ನೆಟ್‌ವರ್ಕ್ ಗುಡ್ಡ ಹತ್ತಿದರೆ ಮಾತ್ರ. ಅದಕ್ಕೇ ಎಷ್ಟೋ ಮನೆಯವರು ಓಟಿಪಿಯನ್ನು ಮೊದಲೇ ಅಂಗಡಿಯವರಿಗೆ ಹೇಳಿಟ್ಟಿರುತ್ತಾರೆ. ಹಾಗೆ ಮಾಡುವುದೇ ಆದರೆ ಅಂಗಡಿಯವರಿಗೆ ಇನ್ನೊಂದು ಮಾತೂ ಹೇಳಿ: "ಪೆಟ್ಟಿಗೆ ನೆನೆದಿದ್ದರೆ, ಹರಿದಿದ್ದರೆ, ಟೇಪು ಎರಡು ಬಣ್ಣದ್ದು ಇದ್ದರೆ ತಗೊಳ್ಳಬೇಡಿ. ಇಲ್ಲವಾದರೆ ನಾಲ್ಕು ಫೋಟೋ ತೆಗೆದು ಕಳಿಸಿ." ನಮ್ಮ ಅಂಗಡಿಯವರು ಈಗ ಇದನ್ನು ಎಲ್ಲರಿಗೂ ಮಾಡಿಕೊಡುತ್ತಾರೆ. ಇದು ದೊಡ್ಡ ಉಪಕಾರ.

ನೀವೇ ಇದ್ದರೆ ಮೊದಲು ಆರೂ ಮುಖ ನೋಡಿ. ಮೂಲೆಗಳನ್ನು ಒತ್ತಿ ನೋಡಿ, ಮೆತ್ತಗಿದೆಯಾ? ಮೆಲ್ಲಗೆ ಅಲುಗಿಸಿ, ಒಳಗೆ ಗಡಗಡ ಸದ್ದು ಇದೆಯಾ? ಎಣ್ಣೆಯ ಕಲೆ ಇದೆಯಾ? ಹೊಸ ಎಂಜಿನ್ ಯಂತ್ರದಲ್ಲಿ ಪೆಟ್ರೋಲ್ ಇರಬಾರದು. ಪೆಟ್ರೋಲ್ ವಾಸನೆ ಬಂದರೆ ಅದನ್ನು ಯಾರೋ ಬಳಸಿ ವಾಪಸ್ ಕೊಟ್ಟಿದ್ದಾರೆ ಎಂಬ ಅನುಮಾನ ಬರಬೇಕು.

ಹೊರಗಡೆಯೇ ಹಾಳಾಗಿದ್ದರೆ ತೆಗೆದುಕೊಳ್ಳಬೇಡಿ. ನಿರಾಕರಿಸುವುದು ನಿಮ್ಮ ಹಕ್ಕು. ಡೆಲಿವರಿಗೆ ಬಂದವರ ಮೇಲೆ ಸಿಟ್ಟು ಮಾಡಬೇಡಿ, ದಿನಕ್ಕೆ ನೂರು ಮನೆ ಸುತ್ತುವ ಅವರ ತಪ್ಪಲ್ಲ ಅದು. "ಪೆಟ್ಟಿಗೆ ಹಾಳಾಗಿದೆ, ವಾಪಸ್" ಎಂದು ಅವರ ಆ್ಯಪ್‌ನಲ್ಲಿ ಹಾಕಿಸಿ, ಒಂದು ಫೋಟೋ ತೆಗೆದುಕೊಳ್ಳಿ. ತೆಗೆದುಕೊಳ್ಳಲೇಬೇಕಾದರೆ, ಕಾಗದದ ರಸೀದಿ ಇದ್ದಲ್ಲಿ ಸಹಿಯ ಪಕ್ಕ "ಪೆಟ್ಟಿಗೆ ನೆನೆದಿದೆ, ಬಿಚ್ಚಿ ನೋಡಿಲ್ಲ" ಎಂದು ಬರೆಯಿರಿ. ಕನ್ನಡದಲ್ಲೇ ಬರೆದರೂ ನಡೆಯುತ್ತದೆ.

ಮನೆಗೆ ತಂದ ಮೇಲೆ ಬಿಚ್ಚುವ ಮೊದಲು ತೂಕ ಮಾಡಿ. ಅಡಿಕೆ ತೂಗುವ ಎಲೆಕ್ಟ್ರಾನಿಕ್ ಕಾಟಾ ನಮ್ಮ ಮನೆಗಳಲ್ಲಿ ಇರುತ್ತದಲ್ಲ, ಅದೇ ಸಾಕು. ಕೊರಿಯರ್ ಲೇಬಲ್ ಮೇಲೆ ತೂಕ ಅಚ್ಚಾಗಿದ್ದರೆ ಹೋಲಿಸಿ. ದೊಡ್ಡ ಪೆಟ್ಟಿಗೆಗೆ ಕೆಲವರು ಗಾತ್ರದ ಲೆಕ್ಕದಲ್ಲಿ ತೂಕ ಹಾಕುತ್ತಾರೆ. ಹಾಗಾಗಿ ಲೇಬಲ್‌ಗಿಂತ ಕಡಿಮೆ ಇದ್ದ ಮಾತ್ರಕ್ಕೆ ಮೋಸ ಎಂದಲ್ಲ. ಆದರೆ ಉತ್ಪನ್ನದ ಪುಟದಲ್ಲಿ ಹೇಳಿದ ಯಂತ್ರದ ತೂಕಕ್ಕಿಂತ ಇಡೀ ಪೆಟ್ಟಿಗೆಯೇ ಹಗುರ ಇದ್ದರೆ ಒಳಗೆ ಬೇರೇನೋ ಇದೆ.

ಹಂತ 5: ಬಿಚ್ಚುವ ವಿಡಿಯೋ

ಎಷ್ಟು ಹೊತ್ತಾದರೂ ಬಂದ ದಿನವೇ ಬಿಚ್ಚಿ. ವಿಡಿಯೋ ಒಂದೇ ಓಟದಲ್ಲಿ ಇರಬೇಕು, ನಡುವೆ ನಿಲ್ಲಿಸಬಾರದು. ಇಬ್ಬರು ಇದ್ದರೆ ಒಳ್ಳೆಯದು. ಒಬ್ಬರು ಫೋನ್ ಹಿಡಿಯಲಿ, ಇನ್ನೊಬ್ಬರು ಬಿಚ್ಚಲಿ. ಮಳೆಗಾಲದ ಮೋಡದಲ್ಲಿ ಮನೆಯೊಳಗೆ ಬೆಳಕು ಸಾಲದು, ಜಗಲಿಗೆ ತನ್ನಿ.

ಮೊದಲು ಕೊರಿಯರ್ ಲೇಬಲ್ ಓದಲು ಬರುವಷ್ಟು ಹತ್ತಿರದಿಂದ ತೋರಿಸಿ. ನಿಮ್ಮ ಹೆಸರು, ಟ್ರ್ಯಾಕಿಂಗ್ ನಂಬರ್ ಕಾಣಲಿ. ಆಮೇಲೆ ಆರು ಮುಖ. ಆಮೇಲೆ ಟೇಪು ಕತ್ತರಿಸುವುದು. ಒಳಗಿನ ಬ್ರಾಂಡಿನ ಪೆಟ್ಟಿಗೆ ಬಂದಾಗ ಅದರ ಸೀಲು, ತಯಾರಾದ ಅಥವಾ ಆಮದಾದ ತಿಂಗಳು ಮತ್ತು ವರ್ಷ, ಸೀರಿಯಲ್ ನಂಬರ್ ತೋರಿಸಿ. ಆಮೇಲೆ ಯಂತ್ರದ ಮೈಮೇಲಿನ ಫಲಕದ ಸೀರಿಯಲ್ ನಂಬರ್. ಇವೆರಡೂ ಒಂದೇ ಇರಬೇಕು. ಬೇರೆ ಇದ್ದರೆ ಯಂತ್ರ ಅದಲುಬದಲಾಗಿದೆ. ನಾಳೆ ಸರ್ವಿಸ್ ಸೆಂಟರಿನವರು "ಇದು ನಿಮ್ಮ ಬಿಲ್ಲಿನ ಯಂತ್ರ ಅಲ್ಲ" ಎನ್ನುತ್ತಾರೆ. ಕೊನೆಗೆ ಎಲ್ಲ ಬಿಡಿಭಾಗವನ್ನು ಗೋಣಿಚೀಲದ ಮೇಲೆ ಸಾಲಾಗಿ ಇಟ್ಟು ಒಂದು ಸಲ ತೋರಿಸಿ.

ರಟ್ಟು, ಥರ್ಮಾಕೋಲ್, ಪ್ಲಾಸ್ಟಿಕ್ ಯಾವುದನ್ನೂ ಬಿಸಾಡಬೇಡಿ. ಒಲೆಗೆ ಹಾಕುವ ಅಭ್ಯಾಸ ನಮ್ಮಲ್ಲಿದೆ. ವಾಪಸಾತಿ ಅವಧಿ ಮುಗಿಯುವ ತನಕವಾದರೂ ಅಟ್ಟದ ಮೇಲೆ ಇರಲಿ.

ಹಂತ 6: ಯಂತ್ರದ ತಪಾಸಣೆ

ಪ್ಲಗ್ ಹಾಕುವ ಮೊದಲು ಕೈಯಲ್ಲೇ ಅರ್ಧ ತಪಾಸಣೆ ಮುಗಿಯುತ್ತದೆ. ಪೆಟ್ಟು ಬಿದ್ದ ಯಂತ್ರವನ್ನು ಓಡಿಸಿದರೆ ನಿಮಗೇ ಅಪಾಯ. ಅದೂ ಅಲ್ಲದೆ ಬಳಸಿದ ಗುರುತು ಬಿದ್ದರೆ ವಾಪಸ್ ಕೊಡುವುದು ಕಷ್ಟ.

ಗ್ರೈಂಡರ್ ಆದರೆ ಮುಂದಿನ ಗೇರ್ ತಲೆಯನ್ನು ನೋಡಿ. ಲೋಹದ ಎರಕ, ಬಿದ್ದರೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಡಿಸ್ಕ್ ಕೂರುವ ದಂಡವನ್ನು (ಸ್ಪಿಂಡಲ್) ಕೈಯಲ್ಲಿ ತಿರುಗಿಸಿ, ಒಂದೇ ಸಮ ತಿರುಗಬೇಕು. ರಕ್ಷಣೆಯ ಗಾರ್ಡ್ ಸೊಟ್ಟಗಾಗಿದ್ದರೆ ಕಲ್ಲಿನಿಂದ ಬಡಿದು ಸರಿಮಾಡಬೇಡಿ, ಅದೂ ಹಾನಿಯೇ. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಬಿರುಕಿನ ಡಿಸ್ಕ್ ಅಂದರೆ ಸಿಡಿಗುಂಡು. ಜೊತೆಗೆ ಬಂದ ಕಟಿಂಗ್ ಡಿಸ್ಕನ್ನೂ ನೋಡಿ. ಅಂಚು ಒಡೆದಿದ್ದರೆ, ಬಾಗಿದ್ದರೆ, ಪೆಟ್ಟಿಗೆ ನೆನೆದಿದ್ದರೆ ಆ ಡಿಸ್ಕ್ ಬಳಸಲೇಬೇಡಿ. ಒಳ್ಳೆಯ ಡಿಸ್ಕ್‌ಗಳ ನಡುವಿನ ಲೋಹದ ಉಂಗುರದ ಮೇಲೆ ತಿಂಗಳು ಮತ್ತು ವರ್ಷ ಅಚ್ಚಾಗಿರುತ್ತದೆ. ಅದು ಬಳಕೆಯ ಕೊನೆಯ ದಿನ. ಡಿಸ್ಕಿನ ರಾಳದ ಅಂಟು ತೇವಕ್ಕೆ ದುರ್ಬಲ ಆಗುತ್ತದೆ, ನಮ್ಮ ಹವೆಗೆ ಇದು ಮುಖ್ಯ. ಡಿಸ್ಕ್ ಮೇಲೆ ಬರೆದ ವೇಗ ಯಂತ್ರದ ವೇಗಕ್ಕಿಂತ ಕಡಿಮೆ ಇರಬಾರದು.

ಡ್ರಿಲ್ ಆದರೆ ಬಿಟ್ ಹಿಡಿಯುವ ಚಕ್‌ಗೆ ಒಂದು ನೇರವಾದ ಉದ್ದ ಬಿಟ್ ಕಟ್ಟಿ ಕೈಯಲ್ಲಿ ತಿರುಗಿಸಿ. ತುದಿ ಒಂದೇ ಕಡೆ ನಿಂತಂತೆ ಕಾಣಬೇಕು. ವೃತ್ತ ಬರೆಯುತ್ತಿದ್ದರೆ ಸ್ಪಿಂಡಲ್ ಅಥವಾ ಚಕ್ ಸೊಟ್ಟಗಾಗಿದೆ. ಮರ ಕೊಯ್ಯುವ ಸರ್ಕ್ಯುಲರ್ ಸಾ, ಮೈಟರ್ ಸಾ ಆದರೆ ತಳದ ತಟ್ಟೆಯನ್ನು ಸಮತಟ್ಟಾದ ಗಾಜು ಅಥವಾ ಗ್ರಾನೈಟ್ ಮೇಲೆ ಇಡಿ. ಒಂದು ಮೂಲೆ ಎದ್ದರೆ ಪೆಟ್ಟು ಬಿದ್ದಿದೆ. ಮೂಲೆಮಟ್ಟ ಹಿಡಿದು ಬ್ಲೇಡಿಗೂ ತಳಕ್ಕೂ 90 ಡಿಗ್ರಿ ಇದೆಯಾ ನೋಡಿ. ಸ್ವಲ್ಪ ವ್ಯತ್ಯಾಸ ಇದ್ದರೆ ಕೈಪಿಡಿಯಲ್ಲಿ ಹೇಳಿದ ಸ್ಕ್ರೂ ತಿರುಗಿಸಿ ಹೊಂದಿಸಬಹುದು, ಅದು ಹಾನಿ ಅಲ್ಲ. ಹೊಂದಿಸಿದ ಮೇಲೂ ನಿಲ್ಲದಿದ್ದರೆ ಮಾತ್ರ ದೂರು ಕೊಡಿ.

ಬ್ರಶ್ ಕಟರ್‌ನ ಉದ್ದ ಕೊಳವೆಯನ್ನು ಕಣ್ಣಿನ ಹತ್ತಿರ ಹಿಡಿದು ದೋಟಿ ನೋಡಿದ ಹಾಗೆ ನೋಡಿ. ಬಾಗಿದ್ದರೆ ಒಳಗಿನ ಶಾಫ್ಟ್ ಉಜ್ಜಿ ಬೇಗ ಹಾಳಾಗುತ್ತದೆ. ಚೈನ್ ಸಾ ಆದರೆ ಮುಂದಿನ ಬ್ರೇಕ್ ಹಿಡಿಕೆ ಟಕ್ ಎಂದು ಮುಂದೆ ಹೋಗಿ ವಾಪಸ್ ಬರಬೇಕು. ಅದು ಮುರಿದಿದ್ದರೆ ಆ ಯಂತ್ರ ಮುಟ್ಟಬೇಡಿ.

ಪೆಟ್ರೋಲ್ ಯಂತ್ರದ ಬಗ್ಗೆ ಒಂದು ಮಾತು ಎಲ್ಲಕ್ಕಿಂತ ಮುಖ್ಯ. ಇದೆಲ್ಲ ನೋಡಿ ಮುಗಿಯುವ ತನಕ ಪೆಟ್ರೋಲ್ ಹಾಕಬೇಡಿ. ಒಮ್ಮೆ ಹಾಕಿದರೆ ಅದು ಬಳಸಿದ ಯಂತ್ರ. ಬೆಂಕಿಯ ಭಯಕ್ಕೆ ಕೊರಿಯರ್‌ನವರೂ ತೆಗೆದುಕೊಳ್ಳುವುದಿಲ್ಲ. ಸ್ಟಾರ್ಟರ್ ಹಗ್ಗವನ್ನು ಮೆಲ್ಲಗೆ ಎಳೆದು ಒತ್ತಡ ಇದೆಯಾ ನೋಡಿ, ಸಡಿಲ ಬಂದರೆ ತೊಂದರೆ ಇದೆ. ಎಲ್ಲ ಸರಿ ಇದ್ದ ಮೇಲೆ, ಟೂ ಸ್ಟ್ರೋಕ್ ಎಂಜಿನ್ ಆದರೆ ಕೈಪಿಡಿಯ ಲೆಕ್ಕದಲ್ಲಿ ಪೆಟ್ರೋಲಿಗೆ ಎಣ್ಣೆ ಬೆರೆಸಿ. 50ಕ್ಕೆ 1 ಎಂದರೆ ಲೀಟರಿಗೆ 20 ಮಿಲಿ, 25ಕ್ಕೆ 1 ಎಂದರೆ 40 ಮಿಲಿ. ಎಣ್ಣೆ ಇಲ್ಲದೆ ಓಡಿಸಿ ಪಿಸ್ಟನ್ ಹಿಡಿದರೆ ಯಾವ ವಾರಂಟಿಯೂ ಬರುವುದಿಲ್ಲ.

ಬ್ಯಾಟರಿ ಯಂತ್ರ ಆದರೆ ಪ್ಯಾಕ್ ಉಬ್ಬಿದೆಯಾ, ಬಿರಿದಿದೆಯಾ, ಸಿಹಿಯಾದ ರಾಸಾಯನಿಕ ವಾಸನೆ ಇದೆಯಾ ನೋಡಿ. ಇದ್ದರೆ ಚಾರ್ಜ್ ಹಾಕಬೇಡಿ. ಹೊರಗೆ, ಕಲ್ಲಿನ ಕಟ್ಟೆಯ ಮೇಲೆ, ಮಳೆ ತಾಗದ ಕಡೆ ಇಡಿ. ಹುಲ್ಲಿನ ಕೊಟ್ಟಿಗೆಯಲ್ಲಿ ಬೇಡ. 18 ವೋಲ್ಟಿನ ಪ್ಯಾಕ್ ಎಂದರೆ ಒಳಗೆ 3.6 ವೋಲ್ಟಿನ 5 ಸೆಲ್ ಸಾಲಾಗಿ ಇರುತ್ತವೆ. "20 ವೋಲ್ಟ್ ಮ್ಯಾಕ್ಸ್" ಎಂದು ಬರೆದದ್ದೂ ಅದೇ, ಹೆಚ್ಚು ಶಕ್ತಿ ಎಂದಲ್ಲ. ವೋಲ್ಟ್ ಅಳೆಯುವ ಮಲ್ಟಿಮೀಟರ್ ಇದ್ದರೆ ಹಿಡಿದು ನೋಡಿ. 15ಕ್ಕಿಂತ ಕೆಳಗೆ ತೋರಿಸಿದರೆ ಅದು ತುಂಬ ಕಾಲ ಗೋದಾಮಿನಲ್ಲಿ ಬಿದ್ದಿರಬಹುದು. ಹಾನಿಯಾದ ಲಿಥಿಯಂ ಬ್ಯಾಟರಿಯನ್ನು ಸುಮ್ನೆ ಪೆಟ್ಟಿಗೆಗೆ ತುಂಬಿ ಕೊರಿಯರ್ ಮಾಡುವುದು ಅಪಾಯ. ಮಾರಿದವರಿಗೆ ಫೋಟೋ ಕಳಿಸಿ, ಹೇಗೆ ಕಳಿಸಬೇಕು ಎಂದು ಅವರೇ ಬರಹದಲ್ಲಿ ಹೇಳಲಿ. ಅಂದಹಾಗೆ, ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದ ಸರಕಿನಲ್ಲಿ ಕಳಿಸುವುದು 2016ರಿಂದ ನಿಷೇಧ. ಬಿಡಿ ಬ್ಯಾಟರಿ ಹೆಚ್ಚಾಗಿ ಲಾರಿಯಲ್ಲಿ ಬರುವುದರಿಂದ ತಡ ಆಗಬಹುದು, ಗಾಬರಿ ಬೇಡ.

ಹಂತ 7: ದೂರು ಬರೆಯುವುದು

ಫೋನಿನಲ್ಲಿ ಎಷ್ಟು ಹೊತ್ತು ಮಾತಾಡಿದರೂ ಅದು ಗಾಳಿಯಲ್ಲಿ ಹೋದಂತೆ. ಆ್ಯಪ್‌ನ ಒಳಗೆ, ಆರ್ಡರ್ ಪುಟದಿಂದಲೇ ದೂರು ಹಾಕಿ. ಜೊತೆಗೆ ಇಮೇಲ್ ಮಾಡಿ. ಭಾಷೆ ಸರಳ ಇರಲಿ, ಸಿಟ್ಟು ಬೇಡ. ನಾನು ಹೀಗೆ ಬರೆಯುತ್ತೇನೆ:

"ಆರ್ಡರ್ ನಂಬರ್ ಇಂಥದ್ದು. ಇಂಥ ದಿನ ಬಂದಿದೆ. ಅದೇ ದಿನ ಬಿಚ್ಚಿದಾಗ ಗೇರ್ ತಲೆಯ ಎಡಭಾಗದಲ್ಲಿ ಬಿರುಕು ಕಂಡಿತು. ಯಂತ್ರವನ್ನು ಓಡಿಸಿಲ್ಲ. ವಿಡಿಯೋ ಮತ್ತು ಐದು ಫೋಟೋ ಲಗತ್ತಿಸಿದ್ದೇನೆ. ಸೀರಿಯಲ್ ನಂಬರ್ ಇಂಥದ್ದು. ನನಗೆ ಬದಲಿ ಯಂತ್ರ ಬೇಕು. ಅದು ಆಗದಿದ್ದರೆ ಪೂರ್ತಿ ಹಣ ವಾಪಸ್ ಬೇಕು. ನಮ್ಮ ಪಿನ್‌ಗೆ ಪಿಕಪ್ ಇಲ್ಲವಾದರೆ ಕಳಿಸುವ ಖರ್ಚು ಯಾರದ್ದು ಎಂದು ಬರಹದಲ್ಲಿ ತಿಳಿಸಿ."

ಏನು ಬೇಕು ಎಂಬುದನ್ನು ನೀವೇ ಹೇಳಬೇಕು. ಹೇಳದಿದ್ದರೆ ಇನ್ನೂರು ರೂಪಾಯಿ ಕೂಪನ್ ಕೊಟ್ಟು ದೂರು ಮುಚ್ಚಿಬಿಡುತ್ತಾರೆ. ಕೂಪನ್ ಒಪ್ಪಿಕೊಂಡರೆ ಅಲ್ಲಿಗೆ ಮುಗಿಯಿತು ಎಂದೇ ಅವರ ಲೆಕ್ಕ.

ಉತ್ತರ ಬರದಿದ್ದರೆ ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅವರ ಹೆಸರು, ಸಂಪರ್ಕದ ವಿವರ ಜಾಲತಾಣದಲ್ಲಿ ಇರಲೇಬೇಕು. ನಿಯಮದ ಪ್ರಕಾರ ದೂರು ಬಂದಿದೆ ಎಂದು 48 ಗಂಟೆಯೊಳಗೆ ಒಪ್ಪಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ದೋಷ ಇರುವ, ಹೇಳಿದ ಹಾಗೆ ಇಲ್ಲದ, ಹೇಳಿದ ದಿನಕ್ಕಿಂತ ತಡವಾಗಿ ಬಂದ ಸಾಮಾನನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಮಾರಾಟಗಾರರು ಹೇಳುವಂತಿಲ್ಲ. ನನ್ನ ಮೈಟರ್ ಸಾ ವಿಷಯದಲ್ಲಿ ಈ ಸಾಲನ್ನು ಬರೆದು ಕಳಿಸಿದ ಮೇಲೆಯೇ ಎದುರಿನವರ ಮಾತು ಬದಲಾದದ್ದು.

ಈ ಹೊತ್ತಿನಲ್ಲಿ ಗ್ರಾಹಕ ಸೇವೆಯ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ನಕಲಿ ನಂಬರ್ ಇಟ್ಟು "ರೀಫಂಡ್ ಮಾಡುತ್ತೇವೆ, ಈ ಆ್ಯಪ್ ಹಾಕಿಕೊಳ್ಳಿ" ಎನ್ನುವವರು ಇದ್ದಾರೆ. ಪೆಟ್ಟಿಗೆ ಮೇಲೆ, ಬಿಲ್ ಮೇಲೆ, ಆ್ಯಪ್ ಒಳಗೆ ಇರುವ ನಂಬರ್ ಮಾತ್ರ ನಂಬಿ. ಹಣ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಲಾರಿ ಟ್ರಾನ್ಸ್‌ಪೋರ್ಟ್‌ನಲ್ಲಿ ಬಂದರೆ

ಟೇಬಲ್ ಸಾ, ಕಂಪ್ರೆಸರ್, ಅಡಿಕೆ ಸುಲಿಯುವ ಯಂತ್ರ ಇವೆಲ್ಲ ಲಾರಿ ಗೋದಾಮಿಗೆ ಬರುತ್ತವೆ, ನಾವೇ ಹೋಗಿ ತರಬೇಕು. ಬುಕ್ ಮಾಡುವವರಿಗೆ ಹೇಳಿ ಸಾಮಾನಿನ ಪೂರ್ತಿ ಬೆಲೆ ಬರೆಸಿ, ಅದಕ್ಕೆ ತಕ್ಕ ಅಪಾಯದ ಶುಲ್ಕ ಕಟ್ಟಿಸಿ. ಹಾಗೆ ಮಾಡದಿದ್ದರೆ 2007ರ ರಸ್ತೆ ಸಾಗಣೆ ಕಾನೂನಿನ ಪ್ರಕಾರ ಸಾಗಣೆದಾರರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ. 600 ರೂಪಾಯಿ ಬಾಡಿಗೆಗೆ 6,000. ಯಂತ್ರದ ಬೆಲೆ 30,000 ಇದ್ದರೂ ಅಷ್ಟೇ. ಗೋದಾಮಿನಲ್ಲೇ ಬಿಚ್ಚಿ ನೋಡಿ, ಹಾನಿ ಇದ್ದರೆ ರಸೀದಿ ಮೇಲೆ ಬರೆಸಿ. ಬುಕ್ ಆದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ಆಮೇಲೆ ದಾವೆ ಹೂಡಲು ಬರುವುದಿಲ್ಲ.

ಹಂತ 8: ವಾರಂಟಿ ಮತ್ತು ವೋಲ್ಟೇಜ್

ಯಂತ್ರ ಚೆನ್ನಾಗಿ ಬಂತು ಎನ್ನಿ. ಕೆಲವು ಬ್ರಾಂಡ್‌ಗಳು ಕೊಂಡ ಮೇಲೆ ಇಂತಿಷ್ಟು ದಿನದೊಳಗೆ ನೋಂದಣಿ ಮಾಡಿದರೆ ಮಾತ್ರ ಪೂರ್ತಿ ವಾರಂಟಿ ಕೊಡುತ್ತವೆ. ಅವತ್ತೇ ಮಾಡಿ ಮುಗಿಸಿ. ಬಿಲ್ಲಿನ ಪಿಡಿಎಫ್ ಅನ್ನು ಫೋನ್‌ನಲ್ಲೂ ಇಮೇಲ್‌ನಲ್ಲೂ ಇಡಿ.

ನಮ್ಮ ಕಡೆ ವಾರಂಟಿ ತಿರಸ್ಕಾರವಾಗುವ ದೊಡ್ಡ ಕಾರಣ "ಸುಟ್ಟುಹೋಗಿದೆ, ಗ್ರಾಹಕರ ತಪ್ಪು" ಎಂಬುದು. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ತೋಟದ ತುದಿಗೆ ವೋಲ್ಟೇಜ್ ಸರಿಯಾಗಿ ಬರುವುದಿಲ್ಲ. ಅದರ ಮೇಲೆ ಸಪೂರ ಎಕ್ಸ್‌ಟೆನ್ಷನ್ ವೈರ್. ಲೆಕ್ಕ ಹೇಳುತ್ತೇನೆ. 2000 ವ್ಯಾಟಿನ ಯಂತ್ರಕ್ಕೆ 50 ಮೀಟರ್ ಉದ್ದದ 1 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿದರೆ ವೈರಿನಲ್ಲೇ ಸುಮಾರು 15 ವೋಲ್ಟ್ ಕಳೆದುಹೋಗುತ್ತದೆ. 2.5 ಚದರ ಮಿಲಿಮೀಟರ್ ಆದರೆ 6 ವೋಲ್ಟ್ ಮಾತ್ರ. ಮನೆಯಲ್ಲೇ 190 ಇದ್ದರೆ ಯಂತ್ರಕ್ಕೆ ಸಿಗುವುದು 175. ಭಾರ ಬಿದ್ದಾಗ ಮೋಟಾರ್ ತಿಣುಕುತ್ತದೆ. ವೇಗ ಇಳಿದರೆ ಒಳಗಿನ ಫ್ಯಾನಿನ ಗಾಳಿಯೂ ಇಳಿಯುತ್ತದೆ, ಸುರುಳಿ ಬಿಸಿಯಾಗುತ್ತದೆ. ದಪ್ಪ ವೈರಿಗೆ ಹಾಕಿದ ಹಣ ಹಾಳಾಗುವುದಿಲ್ಲ.

ಸರ್ವಿಸ್ ಸೆಂಟರ್‌ಗೆ ಕೊಡುವಾಗ ಜಾಬ್ ಶೀಟ್ ಇಲ್ಲದೆ ಯಂತ್ರ ಬಿಟ್ಟುಬರಬೇಡಿ. ಅದರಲ್ಲಿ ಸೀರಿಯಲ್ ನಂಬರ್, ಕೊಟ್ಟ ದಿನ, ನೀವು ಹೇಳಿದ ತೊಂದರೆ, ಜೊತೆಗೆ ಕೊಟ್ಟ ಬಿಡಿಭಾಗ ಎಲ್ಲ ಇರಬೇಕು. ವಾರಂಟಿ ಇಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಬದಲಿಸಿದ ಹಳೆ ಭಾಗವನ್ನೂ ಕೇಳಿ ಪಡೆಯಿರಿ. ಹುಬ್ಬಳ್ಳಿಗೆ ಬಸ್ ಪಾರ್ಸೆಲ್‌ನಲ್ಲಿ ಕಳಿಸುವುದಾದರೆ ಕಟ್ಟುವ ಮೊದಲು ಯಂತ್ರದ ನಾಲ್ಕು ಕಡೆಯ ಫೋಟೋ ಇರಲಿ. ಹೋಗುವ ದಾರಿಯ ಪೆಟ್ಟೂ ನಿಮ್ಮ ತಲೆಗೆ ಬರಬಾರದಲ್ಲ.

ಹಂತ 9: 1915, ಆಮೇಲೆ ಕಾರವಾರ

ಒಂದು ತಿಂಗಳಾದರೂ ದಾರಿ ಕಾಣದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಿಲ್ಲ. ದೂರಿನ ನಂಬರ್ ಕೊಡುತ್ತಾರೆ, ಕಂಪನಿಗೆ ಕಳಿಸುತ್ತಾರೆ. ಇದು ಕೋರ್ಟ್ ಅಲ್ಲ, ಆದೇಶ ಮಾಡುವುದಿಲ್ಲ. ಆದರೂ ನನ್ನ ಹಣ ಬಂದದ್ದು ಇಲ್ಲಿ ದೂರು ದಾಖಲಾದ ಮೇಲೆಯೇ.

ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ನಮ್ಮ ಜಿಲ್ಲೆಯದು ಕಾರವಾರದಲ್ಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಒಂದು ಒಳ್ಳೆಯ ಬದಲಾವಣೆ ಆಗಿದೆ. ಮಾರಿದವರು ದಿಲ್ಲಿಯಲ್ಲಿದ್ದರೂ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದ ತನಕದ ಸಾಮಾನಿಗೆ ಶುಲ್ಕ ಇಲ್ಲ. ವಕೀಲರು ಕಡ್ಡಾಯ ಅಲ್ಲ. 2025ರ ಜನವರಿಯಿಂದ ಇ-ಜಾಗೃತಿ ಎಂಬ ಪೋರ್ಟಲ್ ಇದೆ, ಮನೆಯಿಂದಲೇ ಅರ್ಜಿ ಹಾಕಬಹುದು. ವಿಡಿಯೋ ಮೂಲಕ ವಿಚಾರಣೆಗೆ ಹಾಜರಾಗಲು ಕೇಳಿಕೊಳ್ಳಬಹುದು. ಸಿದ್ದಾಪುರ, ಜೋಯಿಡಾದಂಥ ದೂರದ ತಾಲೂಕಿನವರಿಗೆ ಇದು ದೊಡ್ಡ ಅನುಕೂಲ.

ಬಡಗಿಗಳಿಗೆ, ಗ್ಯಾರೇಜಿನವರಿಗೆ ಒಂದು ಅನುಮಾನ ಇರುತ್ತದೆ: ದುಡಿಮೆಗೆ ಕೊಂಡ ಯಂತ್ರಕ್ಕೆ ಗ್ರಾಹಕ ಕಾನೂನು ಬರುತ್ತದಾ? ವ್ಯಾಪಾರದ ಉದ್ದೇಶಕ್ಕೆ ಕೊಂಡದ್ದಕ್ಕೆ ಬರುವುದಿಲ್ಲ, ನಿಜ. ಆದರೆ ಸ್ವಂತ ಉದ್ಯೋಗದಿಂದ ಹೊಟ್ಟೆಪಾಡಿಗೆಂದೇ ಕೊಂಡು ಬಳಸುವುದನ್ನು ಕಾನೂನು ವ್ಯಾಪಾರ ಎನ್ನುವುದಿಲ್ಲ. ಅರ್ಜಿಯಲ್ಲಿ ಈ ಮಾತನ್ನು ಮೊದಲ ಪುಟದಲ್ಲೇ ಬರೆಯಿರಿ: "ನಾನು ಸ್ವಂತ ದುಡಿದು ಬದುಕುವ ಬಡಗಿ, ಈ ಯಂತ್ರವನ್ನು ಅದಕ್ಕಾಗಿಯೇ ಕೊಂಡಿದ್ದೇನೆ."

ದೂರು ಕೊಡಲು ತೊಂದರೆ ಆದ ದಿನದಿಂದ ಎರಡು ವರ್ಷ ಸಮಯ ಇದೆ. ಆದರೆ ಅಷ್ಟು ದಿನ ಕಾಯಬೇಡಿ. ಫೋನ್ ಕೆಡುತ್ತದೆ, ವಿಡಿಯೋ ಅಳಿಸಿಹೋಗುತ್ತದೆ, ಬಿಲ್ಲಿನ ಅಕ್ಷರ ಮಾಸುತ್ತದೆ. ಎಲ್ಲವನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿ. ಸ್ಕ್ರೀನ್‌ಶಾಟ್, ಜಾಬ್ ಶೀಟ್, ಇಮೇಲ್‌ಗಳನ್ನು ಪೇಟೆಯಲ್ಲಿ ಪ್ರಿಂಟ್ ತೆಗೆಸಿ, ದಿನಾಂಕದ ಸಾಲಿನಲ್ಲಿ ಜೋಡಿಸಿ. ಮಳೆಗಾಲದಲ್ಲಿ ಕಾಗದ ಬೂಸಲು ಹಿಡಿಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಇಡಿ.